ಬಿಳಿ ಥೋಬ್ ಹೊಲಿಸುವಾಗ ಅಳತೆ, ಬಟ್ಟೆ, ಉದ್ದ ಹೇಗಿರಬೇಕು? ರುಕೂ–ಸಜ್ದಾದಲ್ಲೂ (ನಮಾಜಿನಲ್ಲಿ ಬಾಗಿದಾಗ, ಹಣೆ ನೆಲಕ್ಕಿಟ್ಟಾಗಲೂ) ಸತರ್ (ಮುಚ್ಚಲೇಬೇಕಾದ ಮೈಭಾಗದ ಮರೆ) ಉಳಿಯಬೇಕು

ಬಿಳಿನೂಲು ಕೇಳಿದ್ದು:

ಅಸ್ಸಲಾಮು ಅಲೈಕುಮ್. ಐದು ಹೊತ್ತಿನ ನಮಾಜಿಗೂ ಹೊರಗಿನ ಓಡಾಟಕ್ಕೂ ಆಗುವಂತೆ ಬಿಳಿ ಥೋಬ್ (ಕಾಲಿನವರೆಗೆ ಇಳಿಯುವ ಅರಬ್ ಉದ್ದಂಗಿ) ಹೊಲಿಸಬೇಕು. ದರ್ಜಿಯ ಕೈ ಶರ್ಟು, ಪೈಜಾಮಗಳಲ್ಲಿ ಪಳಗಿದ್ದು. ಥೋಬ್ ಅವರಿಗೆ ಹೊಸದು. ಹಾಗಾಗಿ ಅಳತೆಯನ್ನು ನಾನೇ ಸರಿಯಾಗಿ ಬರೆದುಕೊಡಬೇಕು. ಎತ್ತರ 5 ಅಡಿ 8 ಇಂಚು, ಎದೆ ಸುತ್ತಳತೆ 40 ಇಂಚು.

ತಿಳಿಯಬೇಕಾದದ್ದು ಇಷ್ಟು. ಸಿದ್ಧ ಥೋಬ್‌ಗಳ ಮೇಲೆ 54, 56, 58 ಎಂದು ಇರುತ್ತದಲ್ಲ, ಅದು ಯಾವ ಅಳತೆ? ಸಡಿಲ ಎಷ್ಟು ಬಿಡಬೇಕು? ಎಷ್ಟು ಮೀಟರ್ ಬಟ್ಟೆ ಬೇಕು? ಬಿಳಿ ಬಟ್ಟೆಯಲ್ಲಿ ಒಳಗಿನದು ಕಾಣದಿರಲು ಏನು ಮಾಡಬೇಕು? ಕಾಲ್ಗಂಟಿನ ವಿಷಯದಲ್ಲಿ ಉಲಮಾಗಳ (ಧರ್ಮಪಂಡಿತರ) ಮಾತು ಏನು? ಕೈ ಎತ್ತಿದಾಗ ಕೆಳ ಅಂಚು ಮೇಲಕ್ಕೆ ಹೋಗುವುದು, ಸಜ್ದಾಕ್ಕೆ ಬಾಗುವಾಗ ಕುತ್ತಿಗೆ ಬಿಗಿಯುವುದು, ಇವೆರಡೂ ಆಗಬಾರದು.

---

ಕತ್ತರಿಗೆರೆ ಉತ್ತರ:

ವ ಅಲೈಕುಮುಸ್ಸಲಾಮ್. ಆ ಸಂಖ್ಯೆ ಥೋಬಿನ ಉದ್ದ, ಇಂಚಿನಲ್ಲಿ. ಕುತ್ತಿಗೆಯ ಬುಡಕ್ಕೆ ತಾಗಿದ ಭುಜದ ತುದಿಯಿಂದ ಕೆಳ ಅಂಚಿನವರೆಗೆ. ಎದೆಯ ಅಳತೆ ಅದರಲ್ಲಿ ಬರುವುದಿಲ್ಲ. ಆದ್ದರಿಂದ ಒಂದೇ ಎತ್ತರದ ತೆಳ್ಳಗಿನವರಿಗೂ ದಪ್ಪಗಿನವರಿಗೂ ಒಂದೇ ಸಂಖ್ಯೆ ಸಿಗುತ್ತದೆ, ಒಬ್ಬರಿಗೆ ಮಾತ್ರ ಸರಿಹೋಗುತ್ತದೆ. ಹೊಲಿಸುವುದೇ ಒಳ್ಳೆಯದು.

ಉದ್ದವನ್ನು ಎತ್ತರದಿಂದ ಲೆಕ್ಕ ಹಾಕಬೇಡಿ, ಟೇಪು ಹಿಡಿದೇ ಅಳೆಯಿರಿ. ಬರಿಗಾಲಲ್ಲಿ ನೇರ ನಿಂತು, ಇನ್ನೊಬ್ಬರಿಂದ ಕುತ್ತಿಗೆ ಬುಡದಿಂದ ಕಾಲ್ಗಂಟಿನ ಉಬ್ಬಿದ ಎಲುಬಿನ ನಡುವಿಗೆ ಅಳತೆ ತೆಗೆಸಿ. ಅದರಲ್ಲಿ ಒಂದೂವರೆಯಿಂದ ಎರಡು ಇಂಚು ಕಳೆಯಿರಿ. ನಿಮ್ಮ ಎತ್ತರದವರಿಗೆ ಸಾಮಾನ್ಯವಾಗಿ 56 ಎಲುಬಿನ ಮೇಲೇ ಬಂದು ಕೂರುತ್ತದೆ, 54 ಅದಕ್ಕಿಂತ ಮೇಲೆ ನಿಲ್ಲುತ್ತದೆ. ಹೊಟ್ಟೆ ಮುಂದಿದ್ದರೆ ಮುಂಭಾಗ ಎತ್ತಿಕೊಳ್ಳುತ್ತದೆ. ಅಂಥವರಿಗೆ ಮುಂದಿನ ತುಂಡು ಹಿಂದಿನದಕ್ಕಿಂತ ಮುಕ್ಕಾಲು ಇಂಚು ಉದ್ದ ಇಡಬೇಕು. ಇದನ್ನು ಶರ್ಟಿನ ದರ್ಜಿಗಳು ಮರೆಯುತ್ತಾರೆ. ಶರ್ಟಿನಲ್ಲಿ ಕಾಣದ ವ್ಯತ್ಯಾಸ, ಕಾಲಿನವರೆಗೆ ಇಳಿಯುವ ಉಡುಪಿನಲ್ಲಿ ಎದ್ದು ಕಾಣುತ್ತದೆ.

ಸಡಿಲ: ಎದೆಗೆ ಮೈ ಅಳತೆಯ ಮೇಲೆ 7ರಿಂದ 8 ಇಂಚು. ನಿಮಗೆ ಸಿದ್ಧವಾದ ಮೇಲೆ ಎದೆ 48 ಬರಲಿ. ಶರ್ಟಿಗೆ ಬಿಡುವ 4 ಇಂಚನ್ನೇ ಇಲ್ಲಿಯೂ ಬಿಟ್ಟರೆ ನಿಂತಾಗ ಚೆನ್ನಾಗೇ ಕಾಣುತ್ತದೆ, ರುಕೂಗೆ ಬಾಗಿದ ಕ್ಷಣ ಸೊಂಟ, ಹಿಂಭಾಗಕ್ಕೆ ಅಂಟಿ ಆಕಾರ ಪೂರ್ತಿ ಎದ್ದು ಕಾಣುತ್ತದೆ. ಪಕ್ಕದ ಹೊಲಿಗೆ ಸೊಂಟದಲ್ಲಿ ಒಳಕ್ಕೆ ಬಾಗಲೇಬಾರದು. ಕಂಕುಳಿನಿಂದ ಕೆಳಕ್ಕೆ ನೇರ ಅಥವಾ ಹೊರಕ್ಕೇ ಹೋಗಬೇಕು. "ಸ್ಲಿಮ್" ಎಂದು ದರ್ಜಿ ಕೇಳಿದರೆ ಬೇಡ ಎನ್ನಿ. ಕೆಳ ಅಂಚಿನ ಸುತ್ತಳತೆ 58ರಿಂದ 60 ಇಂಚು ಇರಲಿ. 52ಕ್ಕಿಂತ ಕಡಿಮೆಯಾದರೆ ಹೆಜ್ಜೆ ಹಾಕುವಾಗ ಬಟ್ಟೆ ಮೀನಖಂಡಕ್ಕೆ ಬಿಗಿದು ನಿಲ್ಲುತ್ತದೆ, ಮೆಟ್ಟಿಲು ಹತ್ತುವುದು ಕಷ್ಟ.

ಕತ್ತರಿಸುವ ಕ್ರಮ ಇಲ್ಲಿ ಮುಖ್ಯ. 58 ಇಂಚು ಅಗಲದ ಬಟ್ಟೆಯಲ್ಲಿ ಮುಂದಿನ ಮೈತುಂಡು 25, ಹಿಂದಿನದು 25 (ಹೊಲಿಗೆಗೆ ಒಂದೊಂದು ಇಂಚು ಸೇರಿ). ಪಕ್ಕದಲ್ಲಿ ಉಳಿಯುವ 8 ಇಂಚಿನ ಪಟ್ಟಿಯನ್ನು ಉದ್ದಕ್ಕೆ ಎರಡು ಮಾಡಿ, ಪ್ರತಿಯೊಂದನ್ನೂ ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸಿದರೆ ನಾಲ್ಕು ಕಳಿ (ಕೆಳಗೆ ಅಗಲವಾಗುವ ತ್ರಿಕೋನ ತುಂಡು) ಸಿಗುತ್ತವೆ. ಎರಡೂ ಪಕ್ಕಕ್ಕೆ, ಮುಂದೆ ಹಿಂದೆ ಒಂದೊಂದು. ಹೊಲಿಗೆ ಕಳೆದು ಕಳಿಗೆ 3 ಇಂಚು ಬಂದರೂ 48ರ ಎದೆ ಕೆಳಗೆ 60 ಆಗುತ್ತದೆ. ಕಳಿಯ ಓರೆ ಅಂಚನ್ನು ಮೈತುಂಡಿನ ನೇರ ಅಂಚಿಗೆ ಸೇರಿಸಿ, ಕಳಿಗಳ ನೇರ ಅಂಚುಗಳನ್ನು ಒಂದಕ್ಕೊಂದು ಸೇರಿಸಬೇಕು. ಓರೆಗೆ ಓರೆ ಸೇರಿಸಿದರೆ ನಾಲ್ಕು ಒಗೆತದಲ್ಲಿ ಪಕ್ಕದ ಹೊಲಿಗೆ ಜೋಲುತ್ತದೆ, ಕೆಳ ಅಂಚು ಎರಡೂ ಪಕ್ಕ ಕಿವಿಯ ಹಾಗೆ ಇಳಿಯುತ್ತದೆ. ಕಳಿ ಸೇರಿಸಿದ ಮೇಲೆ ಒಂದು ರಾತ್ರಿ ನೇತುಹಾಕಿ, ಮರುದಿನ ಕೆಳಗೆ ಸಮ ಮಾಡಿ ಅಂಚು ಮಡಿಸಲಿ. ಮಡಿಕೆ 2 ಇಂಚು ಇರಲಿ. ಭಾರಕ್ಕೆ ಥೋಬ್ ನೇರ ಬೀಳುತ್ತದೆ, ಕುಗ್ಗಿದರೆ ಬಿಚ್ಚಿ ಇಳಿಸಲೂ ಆಗುತ್ತದೆ.

ಬಟ್ಟೆ 58 ಇಂಚು ಅಗಲದ್ದಾದರೆ 2.75ರಿಂದ 3 ಮೀಟರ್, 44 ಇಂಚಿನದ್ದಾದರೆ 4 ಮೀಟರ್ ಸಾಕು.

ಕೈ ಎತ್ತಿದಾಗ ಅಂಚು ಮೇಲೇರುವ ತೊಂದರೆಗೆ ಬಹಳ ಜನ ತೋಳಿನ ಕಂಡಿಯನ್ನು ದೊಡ್ಡದು ಮಾಡಿಸುತ್ತಾರೆ. ಅದು ತಲೆಕೆಳಗಾದ ಪರಿಹಾರ. ಕಂಡಿ ಕೆಳಕ್ಕೆ ಇಳಿದಷ್ಟೂ ತೋಳು ಮೈತುಂಡನ್ನು ಹೆಚ್ಚು ಎಳೆಯುತ್ತದೆ. ಕಂಡಿ ಕಂಕುಳಿಗೆ ಹತ್ತಿರವೇ ಇರಲಿ, ಅದರ ಕೆಳಗೆ ಚೌಕ ತುಂಡು ಕೂಡಿಸಲಿ. ನಾಲ್ಕೂವರೆ ಇಂಚಿನ ಚೌಕ ಕತ್ತರಿಸಿದರೆ ಹೊಲಿದ ಮೇಲೆ ಮೂರೂವರೆ ಉಳಿಯುತ್ತದೆ. ಅದು ವಜ್ರಾಕಾರದಲ್ಲಿ ಕೂತು, ತಕ್ಬೀರಿಗೆ ("ಅಲ್ಲಾಹು ಅಕ್ಬರ್" ಹೇಳಲು) ಕೈ ಎತ್ತಿದಾಗ ಬಿಚ್ಚಿಕೊಳ್ಳುತ್ತದೆ. ಹಳೆಯ ಕಾಲದ ಕುರ್ತಾಗಳಲ್ಲಿಯೂ ಇದೇ ಚೌಕ ಇರುತ್ತದೆ. ಚೌಕದ ನಾಲ್ಕು ಮೂಲೆಗೂ ಹೊಲಿಗೆ ಎರಡು ಬಾರಿ ಹೋಗಲಿ, ಮೊದಲು ಹರಿಯುವುದು ಅಲ್ಲೇ.

ಸಜ್ದಾದಲ್ಲಿ ಕುತ್ತಿಗೆ ಬಿಗಿಯುವುದಕ್ಕೆ ಕಾರಣ ಕಾಲರ್ ಅಲ್ಲ. ಮೊಣಕಾಲು ಥೋಬಿನ ಮುಂಭಾಗವನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ, ಮೈ ಮುಂದಕ್ಕೆ ಹೋಗುತ್ತದೆ, ನಡುವಿನ ಬಟ್ಟೆ ಸಾಲದೆ ಕುತ್ತಿಗೆಯನ್ನು ಎಳೆಯುತ್ತದೆ. ಕೆಳ ಅಗಲ ಸಾಕಷ್ಟಿದ್ದು, ಎರಡೂ ಪಕ್ಕ 7–8 ಇಂಚಿನ ಸೀಳು ಇದ್ದರೆ ಎಳೆತ ತಪ್ಪುತ್ತದೆ. ಸೀಳು ಮೊಣಕಾಲು ದಾಟಬಾರದು. ಕಾಲರಿನ ಸುತ್ತಳತೆ ಕುತ್ತಿಗೆಗಿಂತ 1 ಇಂಚು ಹೆಚ್ಚು, ಮುಂದಿನ ಬಟನ್ ಪಟ್ಟಿ 13–14 ಇಂಚು.

ಹೊಸಬರ ಕೈಗೆ ಸೌದಿ ಮಾದರಿಯ ಗಟ್ಟಿ ಕಾಲರ್ ಕೊಡಬೇಡಿ. ಒಳಗಿಡುವ ಕ್ಯಾನ್ವಾಸ್ ಅನ್ನು ಮೊದಲೇ ನೆನೆಸಿ ಒಣಗಿಸದಿದ್ದರೆ ಮೊದಲ ಒಗೆತಕ್ಕೇ ಗುಳ್ಳೆ ಏಳುತ್ತದೆ. ಎಮಿರೇಟ್ಸಿನ ಕಂದೂರ, ಒಮಾನಿನ ದಿಶ್‌ದಾಶಾಗಳಿಗೆ ಕಾಲರೇ ಇಲ್ಲ, ದುಂಡು ಕುತ್ತಿಗೆ. ಅವಕ್ಕೆ ಇಳಿಬಿಡುವ ಗೊಂಡೆ ನಿಮಗೆ ಬೇಡವಾದರೆ ಬಿಡಿ. ಕಾಲರೇ ಬೇಕೆಂದರೆ 1¼ ಇಂಚಿನ ಪಟ್ಟಿ ಕಾಲರ್, ಶರ್ಟಿನ ದರ್ಜಿಗೆ ಅದು ಸಲೀಸು.

---

ಹತ್ತಿಎಳೆ ಉತ್ತರ:

ಕತ್ತರಿಗೆರೆಯವರು ಹೇಳಿದ ಅಳತೆಗೆ ಏನೂ ಸೇರಿಸುವುದಿಲ್ಲ. ಬಟ್ಟೆಯ ಬಗ್ಗೆ ಮಾತ್ರ.

ಬಿಳಿಯಲ್ಲಿ ಹೆಸರಿಗಿಂತ ತೂಕ ನೋಡಿ. ಚದರ ಮೀಟರಿಗೆ 110–120 ಗ್ರಾಮಿನ ಒಳಗಿನ ಬಿಳಿ ಬಟ್ಟೆ ಬಿಸಿಲಿಗೆ ನಿಂತರೆ ಕಾಲಿನ ಆಕಾರವನ್ನು ನೆರಳಿನಂತೆ ತೋರಿಸುತ್ತದೆ. 140ರಿಂದ 170 ಗ್ರಾಂ ಇದ್ದರೆ ನಿಶ್ಚಿಂತೆ. ಅಂಗಡಿಯ ದೀಪದಲ್ಲಿ ಪರೀಕ್ಷೆ ಮಾಡಬೇಡಿ. ಬಾಗಿಲಿಗೆ ಬಂದು ಹಗಲಿನ ಬೆಳಕಿಗೆ ಬಟ್ಟೆಯನ್ನು ಒಂದೇ ಪದರ ಹಿಡಿದು, ಹಿಂದೆ ಅಂಗೈ ತಾಗಿಸಿ. ಚರ್ಮದ ಬಣ್ಣ ಕಂಡರೆ ಆ ಬಟ್ಟೆ ಬೇಡ. ಬಣ್ಣ ಕಾಣದೆ ಬೆರಳ ಗೆರೆ ಮಸುಕಾಗಿ ಕಂಡರೆ ಒಳಗೆ ಸಿರ್ವಾಲ್ (ಸಡಿಲ ಒಳ ಪೈಜಾಮ) ಇದ್ದಾಗ ನಡೆಯುತ್ತದೆ. ಆಮೇಲೆ ಅದೇ ಮೂಲೆಯನ್ನು ಒದ್ದೆ ಮಾಡಿ ಮತ್ತೊಮ್ಮೆ ನೋಡಿ. ವುಝೂ (ನಮಾಜಿಗೆ ಮುಂಚಿನ ಅಂಗಶುದ್ಧಿ) ಮಾಡಿದ ನೀರು, ಬೆವರು ತಾಗಿದಾಗ ಹತ್ತಿ ಬಟ್ಟೆ ಅರ್ಧಕ್ಕರ್ಧ ಪಾರದರ್ಶಕವಾಗುತ್ತದೆ. ಒಣ ಬಟ್ಟೆಯ ಪರೀಕ್ಷೆ ಇದನ್ನು ತೋರಿಸುವುದಿಲ್ಲ.

ಅಪ್ಪಟ ಹತ್ತಿ ಪಾಪ್ಲಿನ್ ಮೈಗೆ ಹಿತ, ಆದರೆ ಉದ್ದಕ್ಕೆ ಶೇಕಡಾ 3–5ರಷ್ಟು ಕುಗ್ಗುತ್ತದೆ. 55 ಇಂಚಿನ ಥೋಬಿನಲ್ಲಿ ಅದು ಎರಡು ಇಂಚಿಗೂ ಮೀರಬಹುದು. ಆದ್ದರಿಂದ ಕತ್ತರಿ ಹಾಕುವ ಮೊದಲೇ ರಾತ್ರಿಯಿಡೀ ನೆನೆಸಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿ ಕೊಡಿ. ಕೊಲ್ಲಿ ದೇಶಗಳ ಥೋಬ್‌ಗಳು ಸುಕ್ಕಿಲ್ಲದೆ ಇಳಿಬೀಳುವುದು ಪಾಲಿಯೆಸ್ಟರ್‌ಗೆ ವಿಸ್ಕೋಸ್ ಅಥವಾ ಹತ್ತಿ ಬೆರೆಸಿದ ಬಟ್ಟೆಯಿಂದ. ಅದರಲ್ಲಿ ಜಪಾನಿನ ಗಿರಣಿಗಳ ಬಟ್ಟೆಗೆ ದೊಡ್ಡ ಹೆಸರಿದೆ. ಅದು ಕುಗ್ಗುವುದು ತೀರ ಕಡಿಮೆ, ಸೆಕೆ ಮಾತ್ರ ಜಾಸ್ತಿ. ಪೂರಾ ಪಾಲಿಯೆಸ್ಟರ್ ಬೇಡವೇ ಬೇಡ. ಸ್ಥಾಯಿ ವಿದ್ಯುತ್ತಿಗೆ ಕಾಲಿಗೆ ಅಂಟಿಕೊಂಡು, ಸಡಿಲ ಬಿಟ್ಟಿದ್ದೆಲ್ಲ ವ್ಯರ್ಥವಾಗುತ್ತದೆ.

ಒಳ ಉಡುಪು: ಬಿಳಿ ಥೋಬಿನ ಒಳಗೆ ಅಚ್ಚ ಬಿಳಿ ಬನಿಯನ್ ಹಾಕಿದರೆ ಅದರ ಅಂಚು ಇನ್ನೂ ಎದ್ದು ಕಾಣುತ್ತದೆ. ಚರ್ಮಕ್ಕಿಂತ ಅದು ಹೆಚ್ಚು ಬೆಳಕನ್ನು ಮರಳಿಸುತ್ತದೆ ಎಂಬುದೇ ಕಾರಣ. ಮೈಬಣ್ಣಕ್ಕೆ ಹತ್ತಿರದ ಅಥವಾ ತಿಳಿ ಬೂದು ಬಣ್ಣದ್ದು ಕಾಣಿಸುವುದಿಲ್ಲ.

---

ಕತ್ತರಿಗೆರೆ:

ಬನಿಯನ್ ಮಟ್ಟಿಗೆ ಒಪ್ಪಿದೆ. ಸೊಂಟದ ಕೆಳಗೆ ಒಪ್ಪುವುದಿಲ್ಲ. ಅಲ್ಲಿ ಬಣ್ಣದಿಂದ ಮರೆಮಾಡುವುದಕ್ಕಿಂತ, ತೊಡೆಯ ನಡುವೆ ನಿಲ್ಲುವ ಅಂಚೇ ಇಲ್ಲದಂತೆ ಮಾಡಬೇಕು. ಕಾಲ್ಗಂಟಿಗಿಂತ ಎರಡು ಇಂಚು ಮೇಲಿನವರೆಗೆ ಬರುವ ಬಿಳಿ ಸಿರ್ವಾಲ್ ಹಾಕಿದರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಬಿಳಿ, ಗೆರೆ ಎಲ್ಲೂ ಕಾಣದು. 44 ಇಂಚು ಅಗಲದ ಬಟ್ಟೆ 2.25 ಮೀಟರ್ ಬೇಕು. ತೊಡೆಸಂದಿಗೆ ಮಿಯಾನಿ ತುಂಡು ಹಾಕಿಸಿ. ಇಲ್ಲವಾದರೆ ಅತ್ತಹಿಯ್ಯಾತಿಗೆ (ನಮಾಜಿನಲ್ಲಿ ಕುಳಿತು ಹೇಳುವ ಪ್ರಾರ್ಥನೆಗೆ) ಕೂರುವಾಗ ಮೊದಲು ಹರಿಯುವ ಜಾಗ ಅದೇ. ನಾಡಾ (ಲಾಡಿ) ಹೋಗುವ ಮಡಿಕೆ ಒಂದೂವರೆ ಇಂಚು ಇರಲಿ, ನಾಡಾ ಬಿಳಿಯದ್ದೇ ಇರಲಿ. ಬಣ್ಣದ ನಾಡಾ ಥೋಬಿನ ಮೇಲೆ ಗೆರೆಯಾಗಿ ಕಾಣುವುದು ಎಷ್ಟೋ ಕಡೆ ನೋಡುವ ತಪ್ಪು.

ಪಕ್ಕದ ಜೇಬು ಕೂಡ ಗಮನಿಸಿ. ಕೆಲವರು ಒಳಗಿನ ಸಿರ್ವಾಲಿನ ಜೇಬಿಗೆ ಕೈ ಹೋಗಲೆಂದು ಥೋಬಿನ ಪಕ್ಕದಲ್ಲಿ ಬರಿಯ ಕಂಡಿ ಇಡಿಸುತ್ತಾರೆ. ಸಿರ್ವಾಲ್ ಇಲ್ಲದ ದಿನ ಅದೇ ಕಂಡಿಯಿಂದ ತೊಡೆ ಕಾಣುತ್ತದೆ. ಚೀಲವಿರುವ ಜೇಬೇ ಇರಲಿ, ಬಾಯಿ 6½ ಇಂಚು, ಚೀಲ ಅದೇ ಬಟ್ಟೆಯದು.

---

ಕಿತಾಬ್‌ಓದು ಉತ್ತರ:

ಉದ್ದದ ಪ್ರಶ್ನೆಗೆ ಬರುತ್ತೇನೆ. ಅದಕ್ಕೂ ಮೊದಲು ಸತರ್, ಅಂದರೆ ಮುಚ್ಚಲೇಬೇಕಾದ ಭಾಗ. ಪುರುಷನಿಗೆ ಅದು ಹೊಕ್ಕುಳಿಗೂ ಮೊಣಕಾಲಿಗೂ ನಡುವಿನದು ಎಂಬುದು ಬಹುಸಂಖ್ಯಾತ ಫಕೀಹರ (ಧರ್ಮಶಾಸ್ತ್ರಜ್ಞರ) ಮಾತು. ಹನಫಿ, ಶಾಫಿಈ, ಹಂಬಲಿ ಎಂಬವು ಧರ್ಮಶಾಸ್ತ್ರದ ಪಂಥಗಳು. ಹನಫಿಗಳಲ್ಲಿ ಮೊಣಕಾಲೂ ಸತರಿನಲ್ಲೇ ಸೇರಿದೆ, ಹೊಕ್ಕುಳು ಸೇರಿಲ್ಲ. ಶಾಫಿಈಗಳಲ್ಲಿ ಎರಡೂ ಸೇರಿಲ್ಲ, ನಡುವಿನದು ಮಾತ್ರ. ಇದು ಕನಿಷ್ಠ ಗೆರೆ. ಭುಜದ ಮೇಲೆ ಏನೂ ಇಲ್ಲದೆ ಒಂದೇ ಬಟ್ಟೆಯಲ್ಲಿ ನಮಾಜ್ ಮಾಡಬಾರದೆಂಬ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿದೆ. ಹಂಬಲಿಗಳು ಫರ್ಝ್ (ಕಡ್ಡಾಯ) ನಮಾಜಿನಲ್ಲಿ ಭುಜ ಮುಚ್ಚುವುದನ್ನು ಕಡ್ಡಾಯ ಎನ್ನುತ್ತಾರೆ, ಉಳಿದವರಲ್ಲಿ ಅದು ಉತ್ತಮ. ತೋಳಿಲ್ಲದ ಬನಿಯನ್‌ನಲ್ಲಿ ಮಸೀದಿಗೆ ಬರುವವರು ಇದನ್ನು ನೆನಪಿಡಬೇಕು.

ಮುಚ್ಚುವುದಕ್ಕೆ ಎರಡು ಷರತ್ತು. ಚರ್ಮದ ಬಣ್ಣ ಕಾಣಬಾರದು. ಇದಿಲ್ಲದಿದ್ದರೆ ಸತರ್ ಮುಚ್ಚಿದಂತೆಯೇ ಅಲ್ಲ. ಇನ್ನೊಂದು, ಬಿಗಿಯಾಗಿ ಅಂಟಿ ಆಕಾರ ತೋರಬಾರದು. ಬಣ್ಣ ಕಾಣದೆ ಬಿಗಿ ಮಾತ್ರ ಇದ್ದರೆ ನಮಾಜ್ ಆಗುತ್ತದೆ, ಆದರೆ ಅದು ಮೆಚ್ಚತಕ್ಕದ್ದಲ್ಲ ಎನ್ನುತ್ತಾರೆ. ಹತ್ತಿಎಳೆಯವರ ಹಗಲು ಬೆಳಕಿನ ಪರೀಕ್ಷೆ ಮೊದಲನೆಯದಕ್ಕೆ, ಕತ್ತರಿಗೆರೆಯವರ 8 ಇಂಚು ಎರಡನೆಯದಕ್ಕೆ.

ನಿಜವಾದ ತೊಂದರೆ ಥೋಬಿನಲ್ಲಿ ಬರುವುದೇ ಅಪರೂಪ. ಗಿಡ್ಡ ಶರ್ಟು, ಸೊಂಟದ ಕೆಳಗೆ ಕೂರುವ ಪ್ಯಾಂಟಿನಲ್ಲಿ ಬರುತ್ತದೆ. ಸಜ್ದಾಕ್ಕೆ ಹೋದಾಗ ಶರ್ಟು ಮೇಲಕ್ಕೆ, ಪ್ಯಾಂಟು ಕೆಳಕ್ಕೆ ಸರಿದು ಹೊಕ್ಕುಳಿನ ಮಟ್ಟಕ್ಕಿಂತ ಕೆಳಗಿನ ಬೆನ್ನು ತೆರೆದುಕೊಳ್ಳುತ್ತದೆ. ಹನಫಿ ಫಿಕ್ಹಿನಲ್ಲಿ ಒಂದು ಅಂಗದ ಕಾಲು ಭಾಗ, ಒಂದು ರುಕ್ನಿನಷ್ಟು (ನಮಾಜಿನ ಒಂದು ಅಂಶದಷ್ಟು) ಹೊತ್ತು, ಅಂದರೆ ಮೂರು ತಸ್ಬೀಹ್ (ದೇವಸ್ತುತಿಯ ನುಡಿ) ಹೇಳುವಷ್ಟು ಹೊತ್ತು ತೆರೆದೇ ಇದ್ದರೆ ನಮಾಜ್ ಮುರಿಯುತ್ತದೆ. ಶಾಫಿಈಯಲ್ಲಿ ಗಾಳಿಗೆ ಸರಿದು ತಕ್ಷಣ ಮುಚ್ಚಿಕೊಂಡರೆ ಬಾಧಕವಿಲ್ಲ, ಹಾಗೇ ಬಿಟ್ಟರೆ ಸ್ವಲ್ಪ ಭಾಗವಾದರೂ ಬಾಧಕ. ಹಿಂದಿನ ಸಾಲಿನಲ್ಲಿ ನಿಂತವರಿಗೆ ಕಾಣುತ್ತದೆ, ಸ್ವತಃ ಅವರಿಗೆ ಗೊತ್ತೇ ಆಗುವುದಿಲ್ಲ. ಥೋಬ್ ಇಲ್ಲದವರು ಪೃಷ್ಠಕ್ಕಿಂತ ಒಂದು ಗೇಣು ಕೆಳಗೆ ಬರುವ ಕುರ್ತಾ ಹಾಕಿದರೆ ಈ ಸಮಸ್ಯೆ ಮುಗಿಯಿತು.

ಈಗ ಕಾಲ್ಗಂಟು. ಇಝಾರ್ ಎಂದರೆ ಸೊಂಟಕ್ಕೆ ಸುತ್ತುವ ಬಟ್ಟೆ. "ಕಾಲ್ಗಂಟಿನ ಕೆಳಗಿಳಿದ ಇಝಾರ್ ಬೆಂಕಿಯಲ್ಲಿ" ಎಂಬ ಅರ್ಥದ ಹದೀಸ್ ಬುಖಾರಿಯಲ್ಲಿದೆ. ತಮ್ಮ ಇಝಾರ್ ಒಂದು ಪಕ್ಕ ತಾನಾಗಿ ಜಾರುತ್ತದೆ ಎಂದು ಅಬೂಬಕ್ರ್ (ರ) ಹೇಳಿದಾಗ, ನೀವು ಅಹಂಕಾರದಿಂದ ಹಾಗೆ ಮಾಡುವವರಲ್ಲ ಎಂದು ಪ್ರವಾದಿ (ಸ) ಉತ್ತರಿಸಿದ್ದೂ ಅಲ್ಲೇ ಇದೆ. ಇವೆರಡನ್ನೂ ಜೊತೆಗಿಟ್ಟು ಇಮಾಮ್ ನವವಿ ಮುಂತಾದ ಬಹಳ ಉಲಮಾಗಳು, ಅಹಂಕಾರದಿಂದ ಇಳಿಬಿಟ್ಟರೆ ಹರಾಮ್ (ನಿಷಿದ್ಧ), ಇಲ್ಲದಿದ್ದರೆ ಮಕ್ರೂಹ್ (ಮೆಚ್ಚತಕ್ಕದ್ದಲ್ಲ) ಎಂದಿದ್ದಾರೆ. ಯಾವ ಉದ್ದೇಶವಿದ್ದರೂ ಹರಾಮೇ ಎನ್ನುವ ಉಲಮಾಗಳೂ ಇದ್ದಾರೆ. ವಿಶ್ವಾಸಿಯ ಇಝಾರ್ ಮೀನಖಂಡದ ನಡುವಿನವರೆಗೆ, ಅಲ್ಲಿಂದ ಕಾಲ್ಗಂಟಿನವರೆಗೆ ದೋಷವಿಲ್ಲ ಎಂಬುದು ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಹೊಲಿಸುವವರಿಗೆ ಇದಕ್ಕಿಂತ ಸ್ಪಷ್ಟ ಅಳತೆ ಬೇಕಿಲ್ಲ. ಕಾಲ್ಗಂಟಿಗಿಂತ ಮೇಲೆ ನಿಲ್ಲಿಸಿದರೆ ಯಾವ ಅಭಿಪ್ರಾಯದ ಪ್ರಕಾರವೂ ಕೊರತೆ ಇಲ್ಲ.

ಉದ್ದ ಹೊಲಿಸಿಕೊಂಡು ನಮಾಜಿಗೆ ನಿಂತಾಗ ಮಡಚಿದರಾಯಿತು ಎಂದುಕೊಳ್ಳಬೇಡಿ. ಸಜ್ದಾದಲ್ಲಿ ಬಟ್ಟೆ, ಕೂದಲು ಮಡಚಿ ಹಿಡಿಯಬಾರದೆಂಬ ಹದೀಸ್ ಬುಖಾರಿ, ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿ ಇದೆ. ಆ ಕಾರಣಕ್ಕೇ ಮಡಚುವುದನ್ನು ಮಕ್ರೂಹ್ ಎನ್ನುವ ಉಲಮಾಗಳಿದ್ದಾರೆ. ಕತ್ತರಿಯಲ್ಲೇ ಸರಿ ಮಾಡಿದರೆ ಚರ್ಚೆಯೇ ಬೇಡ.

ಇನ್ನೊಂದು ಮಾತು. ಥೋಬ್ ಹಾಕದಿದ್ದರೆ ಸುನ್ನತ್ (ಪ್ರವಾದಿಯವರ ಮಾದರಿ) ತಪ್ಪಿತು ಎಂಬ ಭಾವನೆ ಕೆಲವರಲ್ಲಿದೆ. ಪ್ರವಾದಿಯವರಿಗೆ (ಸ) ಬಹಳ ಮೆಚ್ಚಿನ ಉಡುಪು ಕಮೀಸ್ (ಉದ್ದಂಗಿ) ಆಗಿತ್ತೆಂದು ಅವರ ಪತ್ನಿ ಉಮ್ಮು ಸಲಮಾ (ರ) ಹೇಳಿದ್ದು ನಿಜ, ಬಿಳಿಯನ್ನು ಉಡಲು ಪ್ರೋತ್ಸಾಹಿಸಿದ್ದೂ ನಿಜ. ಆದರೆ ಷರತ್ತುಗಳನ್ನು ಪೂರೈಸುವ ಯಾವ ನಾಡಿನ ಉಡುಪೂ ಆಗುತ್ತದೆ: ಶಲ್ವಾರ್ ಕಮೀಸ್, ಮಲಯದ ಬಾಜು ಮೆಲಾಯು, ಸುಡಾನಿನ ಅಗಲ ಜಲಾಬಿಯಾ, ಮೊರಾಕ್ಕೊದ ಟೊಪ್ಪಿಗೆ ಕೂಡಿದ ಜಲ್ಲಾಬಾ. ಜನರ ನಡುವೆ ಎದ್ದು ಕಾಣಲೆಂದೇ ಉಡುವುದನ್ನು ಹದೀಸಿನಲ್ಲಿ ತಡೆಯಲಾಗಿದೆ. ಬಿಳಿ ಥೋಬಿಗೂ ಅದು ಅನ್ವಯಿಸುತ್ತದೆ.

---

ಬಿಳಿನೂಲು:

ಎಲ್ಲರಿಗೂ ಜಝಾಕಲ್ಲಾಹು ಖೈರ್. ಅಳತೆ ಪೂರ್ತಿ ಬರೆದುಕೊಂಡೆ. ಇನ್ನೆರಡು ವಿಷಯ. ಈದಿಗೆ ಹೊಳೆಯುವ ಬಟ್ಟೆಯ ಕುರ್ತಾ ನೋಡಿದ್ದೇನೆ, ರೇಷ್ಮೆಯೋ ಅಲ್ಲವೋ ತಿಳಿಯುವುದು ಹೇಗೆ? ಎರಡನೆಯದು, ಉಮ್ರಾಕ್ಕೆ (ಮಕ್ಕಾ ಯಾತ್ರೆಗೆ) ಹೊರಟಿದ್ದೇನೆ. ಇಹ್ರಾಮಿನ (ಆ ಯಾತ್ರೆಯ ವ್ರತದ) ಬಟ್ಟೆಯಲ್ಲಿ ಸತರ್ ಕಾಪಾಡುವುದು ಹೇಗೆ? ಮನೆಯಲ್ಲಿ ಲುಂಗಿ ಉಡುವ ಅಭ್ಯಾಸವಿದೆ, ಅದೇ ಕಟ್ಟು ನಡೆಯುತ್ತದೆಯೇ?

---

ಹತ್ತಿಎಳೆ:

ರೇಷ್ಮೆಯನ್ನು ಎಳೆ ಸುಟ್ಟು ನೋಡಿ. ಒಳಗಿನ ಹೊಲಿಗೆ ಅಂಚಿನಿಂದ ಉದ್ದದ ಎಳೆ ಒಂದು, ಅಡ್ಡದ ಎಳೆ ಒಂದು ಬೇರೆ ಬೇರೆ ತೆಗೆಯಿರಿ. ಎರಡನ್ನೂ ಪ್ರತ್ಯೇಕವಾಗಿ ಸುಡುವುದು ಮುಖ್ಯ, ಏಕೆಂದರೆ ಮಿಶ್ರ ನೇಯ್ಗೆಯಲ್ಲಿ ಒಂದು ದಿಕ್ಕು ಮಾತ್ರ ರೇಷ್ಮೆ ಇರಬಹುದು. ಚಿಮಟದಲ್ಲಿ ಹಿಡಿದು ಕಿಡಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಕಪ್ಪಾಗಿ, ಬೆರಳಲ್ಲಿ ಒತ್ತಿದರೆ ಪುಡಿಯಾದರೆ ಅದು ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಕಾಗದದಂತೆ ಬೇಗ ಉರಿದು ಹಗುರ ಬೂದಿ ಉಳಿದರೆ ವಿಸ್ಕೋಸ್ ಅಥವಾ ಹತ್ತಿ. "ಆರ್ಟ್ ಸಿಲ್ಕ್" ಹೆಸರಿನವು ಹೆಚ್ಚಾಗಿ ಪಾಲಿಯೆಸ್ಟರ್ ಅಥವಾ ವಿಸ್ಕೋಸ್.

---

ಕಿತಾಬ್‌ಓದು:

ಹುಳುವಿನ ರೇಷ್ಮೆ ಅಪ್ಪಟವಾದದ್ದು ಪುರುಷರಿಗೆ ಹರಾಮ್, ಕೃತಕವಾದದ್ದಕ್ಕೆ ಆ ನಿಯಮವಿಲ್ಲ. ಅಂಚು, ಕುತ್ತಿಗೆ ಪಟ್ಟಿಗೆ ನಾಲ್ಕು ಬೆರಳು ಅಗಲದವರೆಗೆ ರೇಷ್ಮೆಗೆ ಅನುಮತಿ ಇದೆ. ಉಮರ್ (ರ) ಅವರಿಂದ ಬಂದ ಆ ಹದೀಸ್ ಮುಸ್ಲಿಮಿನಲ್ಲಿದೆ. ಮಿಶ್ರ ಬಟ್ಟೆಗೆ ಶಾಫಿಈಗಳು ತೂಕ ನೋಡುತ್ತಾರೆ, ರೇಷ್ಮೆಯ ತೂಕ ಹೆಚ್ಚಿರಬಾರದು. ಹನಫಿಗಳು ಅಡ್ಡ ಎಳೆ ನೋಡುತ್ತಾರೆ: ಹಾಸು (ಉದ್ದದ ಎಳೆ) ರೇಷ್ಮೆಯಾಗಿ ಹೊಕ್ಕು (ಅಡ್ಡ ಎಳೆ) ಹತ್ತಿಯಾದರೆ ಆಗುತ್ತದೆ. ಮಶ್ರೂ ಬಟ್ಟೆ ನೇಯ್ದದ್ದು ಈ ಕಟ್ಟಳೆಗೆ ಹೊಂದುವಂತೆಯೇ, ಹೊರಗೆ ರೇಷ್ಮೆಯ ಹೊಳಪು, ಮೈಗೆ ತಾಗುವುದು ಹತ್ತಿ. ಹತ್ತಿಎಳೆಯವರು ಎರಡೂ ದಿಕ್ಕಿನ ಎಳೆ ಬೇರೆ ಸುಡಿ ಎಂದದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಚರ್ಮದ ತುರಿಕೆಗೆ ಅಬ್ದುರ್ರಹ್ಮಾನ್ ಬಿನ್ ಔಫ್, ಝುಬೈರ್ (ರ) ಅವರಿಗೆ ರೇಷ್ಮೆ ಉಡಲು ಅನುಮತಿ ಸಿಕ್ಕಿತ್ತು, ಅದು ಬೇರೆ ಸಂದರ್ಭ. ಚಿನ್ನದ ಗುಂಡಿ ಬೇಡ.

ಇಹ್ರಾಮ್: ಎರಡು ಬಟ್ಟೆ, ಸೊಂಟಕ್ಕೆ ಇಝಾರ್, ಮೇಲೆ ರಿದಾ. ಒಳ ಉಡುಪು ಇಲ್ಲ, ತಲೆ ಮುಚ್ಚುವಂತಿಲ್ಲ. "ಹೊಲಿಗೆ ಇರಬಾರದು" ಎನ್ನುವುದನ್ನು ನೂಲಿನ ಹೊಲಿಗೆ ಎಂದು ತಿಳಿದು ಕೆಲವರು ಬೆಲ್ಟು, ಹೊಲಿಗೆಯ ಚಪ್ಪಲಿ ಎಲ್ಲವನ್ನೂ ಬಿಡುತ್ತಾರೆ. ತಡೆದಿರುವುದು ಮೈಯ ಅಂಗಾಂಗಕ್ಕೆ ಹೊಂದುವಂತೆ ರೂಪಿಸಿದ ಉಡುಪನ್ನು: ಅಂಗಿ, ಸಿರ್ವಾಲ್, ಕಾಲುಚೀಲ. ಹಣದ ಬೆಲ್ಟನ್ನು ಕಟ್ಟಬಹುದು. ಚಪ್ಪಲಿ ಕಾಲ್ಗಂಟು ಮುಚ್ಚಬಾರದು; ಹನಫಿಗಳು ಪಾದದ ಮೇಲಿನ ಉಬ್ಬಿದ ಎಲುಬೂ ತೆರೆದಿರಬೇಕು ಎನ್ನುತ್ತಾರೆ.

ಬಹಳ ಜನ ಮಾಡುವ ತಪ್ಪು ಬಲ ಭುಜದ್ದು. ರಿದಾವನ್ನು ಬಲ ಕಂಕುಳ ಕೆಳಗಿನಿಂದ ತಂದು ಎಡ ಭುಜದ ಮೇಲೆ ಹಾಕುವುದು ಇಝ್ತಿಬಾ. ಬಹುಸಂಖ್ಯಾತ ಉಲಮಾಗಳ ಪ್ರಕಾರ ಉಮ್ರಾದಲ್ಲಿ ಅದು ತವಾಫಿಗೆ (ಕಅಬಾದ ಏಳು ಸುತ್ತಿಗೆ) ಮಾತ್ರ. ಏಳು ಸುತ್ತು ಮುಗಿದೊಡನೆ ಎರಡೂ ಭುಜ ಮುಚ್ಚಿಕೊಂಡು ಎರಡು ರಕಅತ್ (ನಮಾಜಿನ ಒಂದು ಆವರ್ತನ) ನಮಾಜಿಗೆ ನಿಲ್ಲಬೇಕು. ಇಹ್ರಾಮ್ ಕಟ್ಟಿದ ಹೊತ್ತಿನಿಂದ ಕೊನೆಯವರೆಗೆ ಭುಜ ತೆರೆದೇ ಇರುವವರು ನಮಾಜನ್ನೂ ಹಾಗೇ ಮಾಡಿಬಿಡುತ್ತಾರೆ.

---

ಕತ್ತರಿಗೆರೆ:

ಕಟ್ಟುವ ವಿಧಾನ ನಾನು ಹೇಳುತ್ತೇನೆ. ಮನೆಯ ಲುಂಗಿ ಕಟ್ಟು ಹಾಗೇ ನಡೆಯುವುದಿಲ್ಲ. ಮನೆಯ ಲುಂಗಿ ಕೊಳವೆಯಂತೆ ಹೊಲಿದದ್ದಾದರೆ ಎಷ್ಟು ಸಡಿಲವಾದರೂ ಮುಂದೆ ಬಿಚ್ಚಿಕೊಳ್ಳುವುದಿಲ್ಲ. ಇಹ್ರಾಮಿನ ಇಝಾರ್ ತೆರೆದ ಬಟ್ಟೆ, ಕೂತಾಗ ಎರಡು ಅಂಚು ಬೇರೆಯಾಗಿ ತೊಡೆ ಕಾಣುವುದು ಅಲ್ಲಿಯೇ. ಹೊದಿಕೆ ಎಷ್ಟು ಒಂದರ ಮೇಲೊಂದು ಬರುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಬಟ್ಟೆ ಉದ್ದ 2.2 ಮೀಟರಿಗೆ ಕಡಿಮೆ ಬೇಡ, ಅಗಲ 1.15 ಮೀಟರ್ ಸುಮಾರು. ಸೊಂಟ 38 ಇಂಚಿಗೆ ಮೇಲಿದ್ದರೆ 2.4 ಮೀಟರ್ ಹುಡುಕಿ. ಕಾಲು ಭುಜದಗಲ ಬಿಟ್ಟು ನಿಲ್ಲಿ. ಕಾಲು ಜೋಡಿಸಿ ಕಟ್ಟಿದರೆ ಆಮೇಲೆ ಹೆಜ್ಜೆಗೆ ಅಗಲ ಸಾಲದೆ ಕಟ್ಟೇ ಸಡಿಲವಾಗುತ್ತದೆ. ಬಟ್ಟೆಯನ್ನು ಹೊಕ್ಕುಳಿಗಿಂತ ನಾಲ್ಕು ಬೆರಳು ಮೇಲೆ ಹಿಂದಿನಿಂದ ತಂದು, ಒಂದು ತುದಿಯನ್ನು ಎದುರು ಪಕ್ಕದ ಸೊಂಟದ ಎಲುಬಿನವರೆಗೆ ಎಳೆದು ಒತ್ತಿ ಹಿಡಿಯಿರಿ. ಇನ್ನೊಂದು ತುದಿಯನ್ನು ಅದರ ಮೇಲೆ ತಂದು ಈಚೆ ಸೊಂಟದವರೆಗೆ ಎಳೆಯಿರಿ. ಹೊಟ್ಟೆಯ ಮುಂದೆ ಪೂರ್ತಿ ಎರಡು ಪದರ ಬರಬೇಕು. ಮೇಲಂಚನ್ನು ಹೊರಕ್ಕೆ ಎರಡು ಮೂರು ಸುತ್ತು ಬಿಗಿಯಾಗಿ ಸುರುಳಿ ಮಾಡಿ, ಹೊಕ್ಕುಳಿನ ಮೇಲೇ ನಿಲ್ಲಿಸಿ. ಅದರ ಮೇಲೆ ಬೆಲ್ಟು. ಬೆಲ್ಟು ಕಟ್ಟಿದ ಮೇಲೆ ಸುರುಳಿಯ ಇನ್ನೊಂದು ಸುತ್ತನ್ನು ಬೆಲ್ಟಿನ ಮೇಲೆ ಮಡಚಿದರೆ ಕೆಳಕ್ಕೆ ಜಾರುವುದಿಲ್ಲ.

ಅಲ್ಲೇ ರುಕೂ, ಸಜ್ದಾ, ಚಕ್ಕಳಮಕ್ಕಳ, ಎರಡು ಮೆಟ್ಟಿಲು ಹತ್ತುವುದು, ಎಲ್ಲವನ್ನೂ ಮಾಡಿ ನೋಡಿ. ಕೂತಾಗ ಮುಂದೆ ಬಿಚ್ಚಿಕೊಂಡರೆ ಒಳ ತುದಿಯನ್ನು ಇನ್ನಷ್ಟು ಎಳೆದು ಮತ್ತೆ ಕಟ್ಟಿ. ಪಿನ್ನು ಹಾಕಿ ಅಲ್ಲಲ್ಲಿ ಬಂಧಿಸುವುದಕ್ಕಿಂತ ಒಳ್ಳೆಯ ಪದರ ಹೆಚ್ಚು ನಂಬಿಕೆಯದು. ತೆಳು ಟವಲಿನ ಬಟ್ಟೆಗಿಂತ ಒತ್ತಾಗಿ ನೇಯ್ದದ್ದು ಆರಿಸಿ. ಹತ್ತಿಎಳೆಯವರ ಒದ್ದೆ ಪರೀಕ್ಷೆ ಇಲ್ಲಿ ಇನ್ನೂ ಮುಖ್ಯ, ಒಳಗೆ ಸಿರ್ವಾಲ್ ಇರುವುದಿಲ್ಲ.

---

ನೀಲಿಸೋಪು ಉತ್ತರ:

ಒಗೆಯುವ ಮಾತು ಯಾರೂ ಎತ್ತಲಿಲ್ಲ. ಬಿಳಿ ಥೋಬ್ ಆರು ತಿಂಗಳಲ್ಲಿ ಹಳದಿಯಾಗುವುದು ಬಹಳ ಸಲ ಕೊಳೆಯಿಂದಲ್ಲ, ಬ್ಲೀಚಿಂದ. ಕ್ಲೋರಿನ್ ಬ್ಲೀಚು ಪಾಲಿಯೆಸ್ಟರ್ ಮಿಶ್ರಣದ ಮೇಲಿನ ಲೇಪವನ್ನು ಹಳದಿ ಮಾಡುತ್ತದೆ, ಆಮೇಲೆ ಯಾವುದಕ್ಕೂ ಹೋಗುವುದಿಲ್ಲ. ಆಮ್ಲಜನಕದ ಬ್ಲೀಚು, ಅಂದರೆ ಸೋಡಿಯಂ ಪರ್ಕಾರ್ಬೊನೇಟ್ ಪುಡಿ, 40–50 ಡಿಗ್ರಿ ಬಿಸಿನೀರಲ್ಲಿ ಕರಗಿಸಿ ಎರಡು ಮೂರು ಗಂಟೆ ನೆನೆಸಿ. ತಣ್ಣೀರಲ್ಲಿ ಅದು ಬಹಳ ನಿಧಾನ.

ಕಂಕುಳಿನ ಹಳದಿಗೆ ಕಾರಣ ಬೆವರು ಒಂದೇ ಅಲ್ಲ. ಬೆವರು ತಡೆಯುವ ರೋಲಾನ್‌ಗಳಲ್ಲಿನ ಅಲ್ಯೂಮಿನಿಯಂ ಲವಣ ಬೆವರಿನೊಂದಿಗೆ ಸೇರಿ ಬಟ್ಟೆಗೆ ಅಂಟುತ್ತದೆ. ಹಚ್ಚಿಕೊಂಡು ಪೂರ್ತಿ ಒಣಗಿದ ಮೇಲೆ ಥೋಬ್ ಹಾಕಿ. ಅತ್ತರನ್ನು ಬಟ್ಟೆಗೆ ಹಚ್ಚಬೇಡಿ, ಊದ್ ಎಣ್ಣೆಯ ಕಂದು ಕಲೆ ಬಿಳಿಯಲ್ಲಿ ಕೂತರೆ ಕಷ್ಟ. ಮಣಿಕಟ್ಟಿಗೆ, ಕಿವಿಯ ಹಿಂದಕ್ಕೆ ಹಚ್ಚಿ ಒಣಗಲು ಬಿಡಿ. ಕಲೆ ಆಗಿದ್ದರೆ ನೀರು ತಾಗಿಸುವ ಮೊದಲೇ ಪಾತ್ರೆ ತೊಳೆಯುವ ದ್ರವವನ್ನು ಒಣ ಕಲೆಯ ಮೇಲೆ ಉಜ್ಜಿ ಹದಿನೈದು ನಿಮಿಷ ಬಿಡಿ. ಕಲೆ ಹೋಗುವ ಮೊದಲು ಇಸ್ತ್ರಿ ಮಾಡಿದರೆ ಅದು ಅಲ್ಲೇ ನಿಲ್ಲುತ್ತದೆ.

ಟೋಪಿ, ಗುತ್ರಾ (ಅರಬರ ತಲೆವಸ್ತ್ರ) ಬಗ್ಗೆಯೂ ಒಂದು ಮಾತು, ನಮಾಜಿಗೆ ಸಂಬಂಧಿಸಿದ್ದು. ಟೋಪಿಯ ಅಂಚು ಕೂದಲ ಗೆರೆಯ ಹಿಂದೆ ಕೂರಬೇಕು, ಹಣೆ ತೆರೆದಿರಬೇಕು. ತಲೆಯ ಸುತ್ತಳತೆಗಿಂತ ಅರ್ಧ ಸೆಂಟಿಮೀಟರ್ ಹೆಚ್ಚಿರುವ ಟೋಪಿ ತೆಗೆದುಕೊಳ್ಳಿ. ಅದಕ್ಕಿಂತ ದೊಡ್ಡದು ಸಜ್ದಾದಲ್ಲಿ ಹಣೆಗೆ ಇಳಿಯುತ್ತದೆ. ಗುತ್ರಾದ ತುದಿಗಳನ್ನು ಮುಂದೆ ಬಿಟ್ಟರೆ ಅವು ಹಣೆಗೂ ನೆಲಕ್ಕೂ ನಡುವೆ ಸಿಕ್ಕಿಕೊಳ್ಳುತ್ತವೆ, ಹಿಂದಕ್ಕೆ ಹಾಕಿ.

---

ಕಿತಾಬ್‌ಓದು:

ನೀಲಿಸೋಪು ಅವರ ಕೊನೆಯ ಮಾತು ಶಾಫಿಈಗಳಿಗೆ ಇನ್ನೂ ಮುಖ್ಯ. ಆ ಮದ್‌ಹಬಿನಲ್ಲಿ ಹಣೆಯ ಸ್ವಲ್ಪ ಭಾಗವಾದರೂ ನೇರವಾಗಿ ನೆಲಕ್ಕೆ ಅಥವಾ ಚಾಪೆಗೆ ತಾಗಬೇಕು. ಮೈಮೇಲೆ ಧರಿಸಿ ಜೊತೆಗೇ ಚಲಿಸುವ ಬಟ್ಟೆಯ ಮೇಲೆ ಹಣೆ ಪೂರ್ತಿ ನಿಂತರೆ ಆ ಸಜ್ದಾ ಸಾಲದು. ಹನಫಿಯಲ್ಲಿ ನಮಾಜ್ ಆಗುತ್ತದೆ, ಕಾರಣವಿಲ್ಲದೆ ಹಾಗೆ ಮಾಡುವುದು ಮಕ್ರೂಹ್.

---

ಬಿಳಿನೂಲು:

155 ಗ್ರಾಮಿನ ಪಾಲಿ-ವಿಸ್ಕೋಸ್, 58 ಇಂಚು ಅಗಲ, 3 ಮೀಟರ್ ಎಂದು ಗುರುತು ಹಾಕಿಕೊಂಡಿದ್ದೇನೆ. ಸಿರ್ವಾಲಿಗೆ ಹತ್ತಿ 2.25 ಮೀಟರ್. ಥೋಬಿನ ಉದ್ದ ಅಳೆದಾಗ ಎಲುಬಿನವರೆಗೆ 56½ ಬಂತು. 54½ ಇಡಿಸಲೇ, 55 ಇಡಿಸಲೇ?

---

ಕತ್ತರಿಗೆರೆ:

55 ಇಡಿಸಿ. ಈ ಬಟ್ಟೆ ಹೆಚ್ಚು ಕುಗ್ಗುವುದಿಲ್ಲ, ಆದರೂ ಮೊದಲ ಮೂರು ಒಗೆತದಲ್ಲಿ ಅರ್ಧ ಇಂಚು ಹೋಗಬಹುದು. ಅಂಚಿನ ಮಡಿಕೆಯನ್ನು ಮೊದಲು ಕೈಹೊಲಿಗೆಯಲ್ಲಿ ಕಚ್ಚಾ ಹಾಕಿಸಿ, ಸಿರ್ವಾಲ್ ಸಮೇತ ಹಾಕಿಕೊಂಡು ಒಂದು ರಕಅತಿನ ಎಲ್ಲ ಭಂಗಿ ನೋಡಿ, ಆಮೇಲೆ ಮಷಿನ್ನಿಗೆ ಕೊಡಿ.